ಸೊನ್ನೆ ತಪ್ಪಿನ ಹಾಳೆ

ಹೋದ ವಾರ ಕಡೂರಿನ ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಯಾರೋ ಚಕ್ಕೋತ ಸುಲಿದರು. ನಾನು ನನ್ನ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆ. ಆ ದಪ್ಪ ಸಿಪ್ಪೆಗೆ ಉಗುರು ನೆಟ್ಟ ಕೂಡಲೇ ಏಳುವ ವಾಸನೆ... ಸ್ವಲ್ಪ ಕಹಿ, ಸ್ವಲ್ಪ ಹೂವಿನಂಥದು... ಫೈಲುಗಳ ಸಾಲು ದಾಟಿ ನನ್ನವರೆಗೆ ಬಂತು. ಸಹೋದ್ಯೋಗಿಯೊಬ್ಬರು ಕಾಗದದ ಮೇಲೆ ಮೂರು ತೊಳೆ ಇಟ್ಟು ಕೊಟ್ಟರು. ತಿಂದೆ. ಸಂಜೆ ದಿನಚರಿಯಲ್ಲಿ ‘ಚಕ್ಕೋತ, ಮೂರು ತೊಳೆ’ ಎಂದು ಬರೆದೆ. ಬರೆದ ಮೇಲೆ ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ. ನನ್ನ ಹಳೆಯ ದಿನಚರಿಯೊಂದರಲ್ಲಿ ಚಕ್ಕೋತ ಎಂಬ ಪದ ಎಷ್ಟು ಸಲ ಬಂದಿದೆ ಎಂದು ನನಗೆ ಗೊತ್ತು. ಅರವತ್ತೆಂಟು ಸಲ. ಒಂದು ದಿನ ಕೂತು ಅದನ್ನು ಎಣಿಸಬೇಕಾಗಿ ಬಂದಿತ್ತು, ನನಗೆ ಟೈಪಿಂಗ್ ಕಲಿಸಿದ ಮೇಷ್ಟ್ರ ಸಲುವಾಗಿ.

ಮೇಷ್ಟ್ರ ಶಾಲೆ ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ, ಈರುಳ್ಳಿ ಮಂಡಿಯ ಮೇಲಿನ ಮಹಡಿಯಲ್ಲಿತ್ತು. ಒಟ್ಟು ಆರು ಟೈಪ್‌ರೈಟರು: ಎರಡು ಕನ್ನಡದವು, ನಾಲ್ಕು ಇಂಗ್ಲಿಷಿನವು. ಕೆಳಗೆ ಮೂಟೆ ಇಳಿಸುವವರ ಕೂಗು, ಮೇಲೆ ನಮ್ಮ ಟಕಟಕ. ಈರುಳ್ಳಿ ಬರುವ ತಿಂಗಳುಗಳಲ್ಲಿ ಕಣ್ಣೊರೆಸಿಕೊಂಡೇ ಟೈಪ್ ಮಾಡುತ್ತಿದ್ದೆವು. ಬಿಕಾಂ ಮುಗಿಸಿ ಸರ್ಕಾರಿ ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದ ನಾನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅಲ್ಲಿ ಸೇರಿದೆ. ಮೊದಲ ದಿನದ ಹಾಳೆಯಲ್ಲಿ ನಲವತ್ತೊಂದು ತಪ್ಪು, ಹತ್ತನೆಯ ದಿನ ಇಪ್ಪತ್ತಾರು. ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದೆ. ಮಳೆ ಬಿದ್ದ ದಿನ, ಬಸ್ಸು ತಪ್ಪಿದ ದಿನ, ಯಾರ ಮನೆಯಲ್ಲಿ ಏನು ತಿಂದೆ, ಎಷ್ಟು ತಿಂದೆ. ನಮ್ಮಮ್ಮ ಇದನ್ನು ರೋಗ ಎನ್ನುತ್ತಿದ್ದಳು. ಮೇಷ್ಟ್ರು ಮಾತ್ರ ಒಂದು ಸಲ ನನ್ನ ಪುಸ್ತಕ ತಿರುವಿ ನೋಡಿ, ಅಂಚು ಸರಿಯಾಗಿ ಬಿಟ್ಟಿದ್ದೀಯ ಎಂದು ಹೊಗಳಿದ್ದರು.

ಅವರು ಕಲಿಸುವ ರೀತಿಗೆ ಒಂದೇ ಒಂದು ಸೂತ್ರವಿತ್ತು. ಟೈಪ್ ಮಾಡುವವರು ಅರ್ಥಕ್ಕೆ ಹೋಗಬಾರದು. ಮುಂದಿರುವ ಕಾಗದದಲ್ಲಿ ಸಾವಿನ ಸುದ್ದಿ ಇರಲಿ, ಮದುವೆಯ ಕರೆಯೋಲೆ ಇರಲಿ, ಕಣ್ಣಿಗೆ ಬೀಳಬೇಕಾದದ್ದು ಅಕ್ಷರ ಮಾತ್ರ.

“ಓದ್ಬೇಡ ಕಣಮ್ಮಾ, ನೋಡು. ಓದಕ್ ಹೋದ್ರೆ ಮನಸ್ಸು ಮುಂದಕ್ ಓಡುತ್ತೆ, ಬೆರಳು ಹಿಂದುಳಿಯುತ್ತೆ. ಅಲ್ಲೇ ತಪ್ಪು ಬೀಳೋದು.”

ನಾವು ಮುಗಿಸಿದ ಹಾಳೆಯನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು, ಕೆಂಪು ಪೆನ್ನಿನಿಂದ ತಪ್ಪುಗಳಿಗೆ ಸುತ್ತು ಹಾಕಿ, ಕೊನೆಯಲ್ಲಿ ಮೊತ್ತ ಬರೆದು ಸಹಿ ಮಾಡುತ್ತಿದ್ದರು. ಒಂದೂ ತಪ್ಪಿಲ್ಲದಿದ್ದರೆ ಲೋಟದ ಬಾಯಿಯಷ್ಟು ದೊಡ್ಡ ಸೊನ್ನೆ. ಹಾಗೆ ಪರೀಕ್ಷಿಸುವಾಗ ಅವರೂ ಓದುತ್ತಿರಲಿಲ್ಲ, ನೋಡುತ್ತಿದ್ದರು ಅಷ್ಟೆ. ನಲವತ್ತು ವರ್ಷ ನೋಡಿ ನೋಡಿ ಅವರ ಕಣ್ಣು ಹಾಗೆ ಪಳಗಿತ್ತು.

ನಾನು ಸೇರಿದ ವರ್ಷವೇ ಅವರಿಗೆ ಕೆಮ್ಮು ಶುರುವಾಯಿತು. ಈರುಳ್ಳಿ ಘಾಟು ಎಂದರು, ಧೂಳು ಎಂದರು. ತರೀಕೆರೆಯಲ್ಲಿ ಎಕ್ಸ್‌ರೇ ತೆಗೆಸಿದಾಗ ಎಡ ಶ್ವಾಸಕೋಶದಲ್ಲಿ ಗಡ್ಡೆ ಕಂಡಿತು. ಅಲ್ಲಿಂದ ಬೆಂಗಳೂರಿನ ಆಸ್ಪತ್ರೆ. ಗಡ್ಡೆಯ ಚೂರು ತೆಗೆದು ಎರಡು ಬಗೆಯ ಪರೀಕ್ಷೆಗೆ ಕಳಿಸಿದರು. ಮೊದಲನೆಯದರಲ್ಲಿ ಕ್ಯಾನ್ಸರ್ ಎಂದು ಬಂತು. ಎರಡನೆಯದಕ್ಕೆ ಮೂರು ವಾರ ಕಾಯಬೇಕಾಯಿತು. ಆ ಮೂರು ವಾರ ಊರಿನ ಬಾಯಿ ಸುಮ್ಮನಿರಲಿಲ್ಲ. ಜೀವನದಲ್ಲಿ ಒಂದು ಬೀಡಿ ಮುಟ್ಟದ ಮನುಷ್ಯ ಶಾಲೆಯ ಹಿಂದೆ ನಿಂತು ಕದ್ದು ಸೇದುತ್ತಿದ್ದರಂತೆ ಎಂದು, ಬೀರೂರು ಸ್ಟೇಷನ್ನಿನ ಬೆಂಚಿನ ಮೇಲೆ ನಮ್ಮೂರಿನವರೊಬ್ಬರು ಹೇಳುವುದನ್ನು ನಾನೇ ಕೇಳಿಸಿಕೊಂಡಿದ್ದೆ.

ಎರಡನೆಯ ಪರೀಕ್ಷೆಯಿಂದ ಒಳ್ಳೆಯ ಸುದ್ದಿ ಬಂತು. ಆ ಗಡ್ಡೆಯ ಜೀನಿನಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಇತ್ತು. ಅದಕ್ಕೆಂದೇ ಮಾಡಿದ ಮಾತ್ರೆಯಿತ್ತು. ಕೀಮೋದ ಡ್ರಿಪ್ ಬೇಡ, ಆಸ್ಪತ್ರೆಯಲ್ಲಿ ಮಲಗುವುದು ಬೇಡ, ದಿನಕ್ಕೊಂದು ಮಾತ್ರೆ. ಮೇಷ್ಟ್ರು ಊರಿಗೆ ಬಂದ ಮರುದಿನವೇ ಶಾಲೆಯ ಬಾಗಿಲು ತೆರೆದರು. ನಾವು ಎಂಟು ಜನ ಕೂತಿದ್ದೆವು. ಮೂರನೆಯ ಮಷೀನಿನ ಮುಂದೆ ನಿಂತು, ಒಂದು ಕೀಯನ್ನು ಒತ್ತಿ ಹಿಡಿದು, ತಮ್ಮ ಕಾಯಿಲೆಯನ್ನು ನಮಗೆ ಪಾಠದಂತೆ ಹೇಳಿದರು.

“ಒಂದು ಅಕ್ಷರ ತಪ್ಪಾಗಿ ಅಚ್ಚಾಗಿ, ಒಂದು ಕೀ ಸಿಕ್ಕಾಕ್ಕೊಂಡು ಬಿಟ್ಟಿದೆ. ಬೆಳಿ ಬೆಳಿ ಅಂತ ಹೊಡೀತಾನೇ ಇದೆ. ಮುಂಚೆ ಆಗಿದ್ರೆ ಇಡೀ ಮಷೀನ್ನೇ ಸೀಮೆಎಣ್ಣೇಲಿ ಅದ್ದೋರು. ಈ ಮಾತ್ರೆ ಹಂಗಲ್ಲ. ಆ ಒಂದು ಕೀ ಕೆಳಗೆ ಬೆರಳಿಟ್ಟು ಹಿಡ್ಕೊಳ್ಳುತ್ತೆ.”

ಅಷ್ಟು ಹೇಳಿ ಕೀ ಬಿಟ್ಟರು. ಆಮೇಲೆ ಎಂದಿನಂತೆ, ಎ ಎಸ್ ಡಿ ಎಫ್ ಎಂದು ರಾಗವಾಗಿ ಶುರು ಮಾಡಿದರು.

ಮೊದಲ ಮಾತ್ರೆ ನುಂಗಿದ್ದು ಜೂನ್ ನಾಲ್ಕರಂದು, ಬೆಳಿಗ್ಗೆ ಆರೂವರೆಗೆ. ದಿನವೂ ಏನೇನಾಗುತ್ತದೆ ಎಂದು ಬರೆದಿಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಆ ಕೆಲಸ ನನಗೆ ಬಂತು. ಅವರ ಮನೆ ನಮ್ಮ ಮನೆಯಿಂದ ಎರಡು ಮನೆ ಆಚೆ. ಮೇಷ್ಟ್ರ ಹೆಂಡತಿಯನ್ನು ಬೀದಿಯ ಮಕ್ಕಳೆಲ್ಲ ಅತ್ತೆ ಎಂದೇ ಕರೆದು ಬೆಳೆದಿದ್ದೆವು. ಸಂಜೆ ಹೋಗಿ ಕೂತು, ಗೆರೆ ಎಳೆದ ಉದ್ದನೆಯ ಪುಸ್ತಕದಲ್ಲಿ ದಿನಾಂಕ, ಮಾತ್ರೆಯ ಸಮಯ, ಎಷ್ಟು ಸಲ ಭೇದಿ, ಗುಳ್ಳೆ ಎಲ್ಲೆಲ್ಲಿ, ಜ್ವರ ಇದೆಯೇ ಎಂದು ತುಂಬಿಸುತ್ತಿದ್ದೆ.

ಮಾತ್ರೆಯ ಪೆಟ್ಟಿಗೆಯೊಳಗೆ ಮಡಿಚಿ ಇಟ್ಟಿದ್ದ ಕಾಗದ ಬಿಚ್ಚಿದರೆ ಟವೆಲಿನಷ್ಟು ದೊಡ್ಡದಾಗುತ್ತಿತ್ತು. ಇರುವೆ ಗಾತ್ರದ ಇಂಗ್ಲಿಷ್ ಅಕ್ಷರ. ಅದರಲ್ಲಿ ಮುಖ್ಯವಾದುದನ್ನು ಆರಿಸಿ, ಅತ್ತೆಗೆ ಓದಲು ಆಗುವಂತೆ ಕನ್ನಡ ಮಾಡಿ ಟೈಪ್ ಮಾಡು ಎಂದು ಮೇಷ್ಟ್ರು ನನಗೆ ಹೇಳಿದರು. ನನಗೆ ಹೆಮ್ಮೆಯಾಯಿತು. ಎರಡು ಸಂಜೆ ಕೂತು ಮಾಡಿದೆ. ಒಟ್ಟು ಹನ್ನೊಂದು ಅಂಶ, ಎಲ್ಲವೂ ಕಚೇರಿಯ ಕನ್ನಡದಲ್ಲಿ. ನಾಲ್ಕನೆಯದು ನನಗೆ ಇಂದಿಗೂ ಬಾಯಿಗೆ ಬರುತ್ತದೆ: ‘ದ್ರಾಕ್ಷಿ ಹಣ್ಣು ಹಾಗೂ ಅದರ ರಸವನ್ನು ಸಂಪೂರ್ಣವಾಗಿ ವರ್ಜಿಸತಕ್ಕದ್ದು.’ ಮೂಲದಲ್ಲಿ ಇದ್ದ ಪದ ಗ್ರೇಪ್‌ಫ್ರೂಟ್. ಗ್ರೇಪ್ ಎಂದರೆ ದ್ರಾಕ್ಷಿ, ಫ್ರೂಟ್ ಎಂದರೆ ಹಣ್ಣು. ಅದರಲ್ಲಿ ಯೋಚಿಸಬೇಕಾದ್ದು ಏನಾದರೂ ಇದೆ ಎಂದು ನನಗೆ ಅನ್ನಿಸಲೇ ಇಲ್ಲ.

ಮೇಷ್ಟ್ರು ಆ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದರು. ಒಂದು ಒತ್ತಕ್ಷರ ಜಾರಿರಲಿಲ್ಲ, ಒಂದು ಅಂತರ ಹೆಚ್ಚಾಗಿರಲಿಲ್ಲ. ದೊಡ್ಡ ಸೊನ್ನೆ ಬರೆದು ಸಹಿ ಹಾಕಿದರು. ಅದು ನನ್ನ ಮೊದಲ ಸೊನ್ನೆ. ಅತ್ತೆ ಅದನ್ನು ಅಡುಗೆಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕದಲ್ಲಿ, ಅನ್ನದ ಅಗುಳಿನಿಂದ ಅಂಟಿಸಿದರು.

ಅಲ್ಲಿಂದ ಆ ಮನೆಗೆ ದ್ರಾಕ್ಷಿ ನಿಷಿದ್ಧವಾಯಿತು. ಪಾಯಸದಿಂದ ಒಣದ್ರಾಕ್ಷಿ ಹೋಯಿತು. ನಾಮಕರಣವೊಂದರ ಊಟದಲ್ಲಿ ಅತ್ತೆ ಮೇಷ್ಟ್ರ ಎಲೆಯ ಮುಂದೆ ಬಗ್ಗಿ ಕೂತು ಕೇಸರಿಬಾತಿನಿಂದ ಒಂದೊಂದೇ ದ್ರಾಕ್ಷಿ ಆರಿಸಿ ತೆಗೆದದ್ದನ್ನು ನಾನು ನೋಡಿದ್ದೇನೆ. ಏಳು ಸಿಕ್ಕವು. ನನ್ನ ಪುಸ್ತಕದಲ್ಲಿ ಅದಕ್ಕೂ ಒಂದು ಅಂಕಣ ಮಾಡಿದ್ದೆ. ದ್ರಾಕ್ಷಿ ಇಲ್ಲ ಎಂದು ದಿನವೂ ಸರಿ ಗುರುತು ಹಾಕುತ್ತಿದ್ದೆ.

ಮೊದಲ ಮೂರು ತಿಂಗಳು ಚೆನ್ನಾಗಿಯೇ ಹೋದವು. ಕೆಮ್ಮು ನಿಂತಿತು. ಮುಖದ ಮೇಲೆ ಸಣ್ಣ ಗುಳ್ಳೆ ಎದ್ದವು, ಅದು ಮಾತ್ರೆ ಕೆಲಸ ಮಾಡುವುದರ ಜೊತೆಗೇ ಬರುತ್ತದೆ, ಚರ್ಮದಲ್ಲೂ ಅದೇ ಕೀ ಇರುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ ಭೇದಿ. ಮತ್ತೊಂದು ವಿಚಿತ್ರ, ಅವರ ರೆಪ್ಪೆಗೂದಲು ಉದ್ದುದ್ದ ಬೆಳೆದು ಸುರುಳಿ ಸುತ್ತಿಕೊಂಡಿತು. ಮದುವೆಯ ದಿನ ಇದ್ದಿದ್ದರೆ ಕಾಡಿಗೆ ಉಳಿಯುತ್ತಿತ್ತು ಎಂದು ಅತ್ತೆ ರೇಗಿಸುತ್ತಿದ್ದರು. ಮಂಡಿಯ ಸಾಹುಕಾರರು ಒಂದು ದಿನ ಮೆಟ್ಟಿಲ ಬಳಿ ಅವರನ್ನು ತಡೆದು ಕೇಳಿದರು.

“ಅಲ್ಲಾ ಮೇಷ್ಟ್ರೇ, ಕೂದ್ಲೇ ಉದುರಿಲ್ವಲ್ಲ, ಇದೆಂಥ ಕ್ಯಾನ್ಸರ್ರು?”

“ಇರೋದೇ ಹದಿನಾರು ಕೂದ್ಲು ಕಣಯ್ಯಾ, ಅದ್ಕೂ ಕಣ್ಣಾಕ್ಬೇಡ.”

ಗೌರಿ ಹಬ್ಬದ ಸುತ್ತಮುತ್ತ ಅವರ ಹಿತ್ತಲಿನ ಚಕ್ಕೋತ ಹಣ್ಣಾಗತೊಡಗಿತು. ನಮ್ಮ ಬಯಲುಸೀಮೆಯ ಊರಿನಲ್ಲಿ ಅದೊಂದೇ ಚಕ್ಕೋತದ ಮರ. ಹೆಬ್ಬೆ ಕಡೆಯ ಕಾಫಿ ತೋಟದಿಂದ ಅತ್ತೆಯ ತಂದೆ ತಂದ ಸಸಿ, ಬಚ್ಚಲ ನೀರು ಕುಡಿದು ಬೆಳೆದದ್ದು. ಮಾತ್ರೆಯಿಂದ ಮೇಷ್ಟ್ರ ಬಾಯಿ ಒಣಗಿ ರುಚಿ ಸತ್ತಿತ್ತು. ಚಕ್ಕೋತ ಮಾತ್ರ ಗಂಟಲಲ್ಲಿ ಇಳಿಯುತ್ತಿತ್ತು. ಅತ್ತೆ ದಿನವೂ ಬೆಳಿಗ್ಗೆ ಒಂದು, ಸಂಜೆ ಅರ್ಧ ಸುಲಿದು ಕೊಡುತ್ತಿದ್ದರು. ಸಂಜೆ ಹೋದಾಗ ನನಗೂ ಎರಡೋ ಮೂರೋ ತೊಳೆ ಸಿಗುತ್ತಿತ್ತು. ಎಷ್ಟು ನೆಮ್ಮದಿಯ ಸಂಜೆಗಳು ಅವು... ಹಿತ್ತಲ ಕಟ್ಟೆಯ ಮೇಲೆ ಮೂವರೂ ಬಾಯಿ ಚಪ್ಪರಿಸುತ್ತ ಕೂತಿರುತ್ತಿದ್ದೆವು.

ಸೆಪ್ಟೆಂಬರ್ ಕೊನೆಗೆ ನನ್ನ ಪುಸ್ತಕದಲ್ಲಿ ಭೇದಿಯ ಅಂಕಿಗಳು ಏರಿದವು. ಮೂರು, ಐದು, ಆರು. ಗುಳ್ಳೆ ಮುಖದಿಂದ ಬೆನ್ನಿಗೆ, ಎದೆಗೆ ಹರಡಿ ಕೀವು ತುಂಬಿತು. ಬೆರಳುಗಳಿಗೆ ಉಗುರುಸುತ್ತು ಬಂತು, ಒಂದಲ್ಲ, ನಾಲ್ಕು ಬೆರಳಿಗೆ. ಕೀ ಮುಟ್ಟಲಾಗದೆ, ನಮ್ಮ ಹಿಂದೆ ನಿಂತು ಬಾಯಲ್ಲೇ ಪಾಠ ಮಾಡತೊಡಗಿದರು. ಅಕ್ಟೋಬರಿನಲ್ಲಿ ಆರು ಕಿಲೋ ತೂಕ ಇಳಿಯಿತು. ನವೆಂಬರಿನಲ್ಲಿ ಡಾಕ್ಟರು ಹದಿನಾಲ್ಕು ದಿನ ಮಾತ್ರೆ ನಿಲ್ಲಿಸಿದರು. ಭೇದಿ ನಿಂತಿತು, ಗುಳ್ಳೆ ಬಾಡಿದವು. ಮತ್ತೆ ಶುರು ಮಾಡಿದ ನಾಲ್ಕನೆಯ ದಿನಕ್ಕೆ ಎಲ್ಲವೂ ಮರಳಿ ಬಂತು. ಜನವರಿ ಎಂಟಕ್ಕೆ ಮತ್ತೆ ಬನ್ನಿ, ಆಗಲೂ ಹೀಗೇ ಇದ್ದರೆ ಮಾತ್ರೆಯ ಪ್ರಮಾಣ ತಗ್ಗಿಸುತ್ತೇವೆ, ಆಮೇಲೂ ತಡೆಯದಿದ್ದರೆ ಬಿಡಿಸಿ ಡ್ರಿಪ್ ಹಾಕಬೇಕಾಗುತ್ತದೆ ಎಂದರು. ಗಡ್ಡೆ ಮಾತ್ರ ಅರ್ಧಕ್ಕಿಂತ ಕಡಿಮೆಗೆ ಇಳಿದಿತ್ತು. ಮಾತ್ರೆ ತನ್ನ ಕೆಲಸ ಮಾಡಿತ್ತು. ದೇಹವೇ ಅದನ್ನು ತಾಳುತ್ತಿಲ್ಲ ಎಂದು ಎಲ್ಲರೂ ತಿಳಿದೆವು.

ಮೇಷ್ಟ್ರಿಗೆ ಹೆದರಿಕೆ ಇದ್ದದ್ದು ಪ್ರಮಾಣ ತಗ್ಗಿಸುವ ಮಾತಿಗೇ. ಬೆರಳು ಅರ್ಧ ಇಟ್ಟರೆ ಕೀ ಜಾರುತ್ತದೆ ಎಂದು ನನ್ನೊಡನೆ ಒಂದೇ ಒಂದು ಸಲ ಹೇಳಿದರು. ಆಸ್ಪತ್ರೆಯಲ್ಲಿ ಏನೇನು ತಿನ್ನುತ್ತೀರಿ ಎಂದು ಕೇಳಿದಾಗೆಲ್ಲ ಅತ್ತೆ ಮೊದಲೇ ಉತ್ತರಿಸಿಬಿಡುತ್ತಿದ್ದರಂತೆ, ಚೀಟಿಯಲ್ಲಿ ಬೇಡ ಅಂದ ಹಣ್ಣನ್ನು ಕಣ್ಣಲ್ಲೂ ನೋಡಿಲ್ಲ ಸಾರ್ ಎಂದು.

ಡಿಸೆಂಬರ್ ಹನ್ನೊಂದರಿಂದ ಇಪ್ಪತ್ತರವರೆಗೆ ಅವರಿಬ್ಬರೂ ಚೌಳಹಿರಿಯೂರಿಗೆ, ಅತ್ತೆಯ ತಂಗಿಯ ಮನೆಯ ಮದುವೆಗೆ ಹೋದರು. ಲೆಕ್ಕವನ್ನು ಫೋನಿನಲ್ಲಿ ಹೇಳುತ್ತಿದ್ದರು. ಮೂರನೆಯ ದಿನದಿಂದ ಅಂಕಿ ಇಳಿಯಿತು. ಐದು, ಮೂರು, ಎರಡು, ಒಂದು. ವಾಪಸ್ ಬಂದ ಮೂರನೆಯ ದಿನ ಮತ್ತೆ ಐದು. ಅಜ್ಜಂಪುರದ ನೀರೇ ಆಗುತ್ತಿಲ್ಲ, ಶಾಲೆ ಮುಚ್ಚಿ ಚೌಳಹಿರಿಯೂರಿಗೆ ಹೋಗಿಬಿಡೋಣ ಎಂದು ಅತ್ತೆ ಹಟ ಹಿಡಿದರು. ಹನ್ನೊಂದು ವಿದ್ಯಾರ್ಥಿಗಳು ಆ ಬೇಸಿಗೆಯಲ್ಲಿ ಕಡೂರಿನಲ್ಲಿ ಪರೀಕ್ಷೆಗೆ ಕೂರುವವರಿದ್ದರು. ಮೇಷ್ಟ್ರು ಮರುದಿನವೂ ಹೋಗಿ ಶಾಲೆಯ ಬಾಗಿಲು ತೆರೆದರು.

ನನಗೆ ನೀರಿನ ಮಾತು ಒಪ್ಪಿಗೆಯಾಗಲಿಲ್ಲ. ಹದಿನಾಲ್ಕು ದಿನ ಮಾತ್ರೆ ನಿಲ್ಲಿಸಿದಾಗ ಇದೇ ನೀರು ಕುಡಿದು ಅವರು ಚೆನ್ನಾಗಿದ್ದರು. ಮಾತ್ರೆಯೇ ಕಾರಣ ಎನ್ನೋಣವೆಂದರೆ, ಚೌಳಹಿರಿಯೂರಿನಲ್ಲಿ ಅದೇ ಮಾತ್ರೆ ನುಂಗುತ್ತಲೇ ಚೇತರಿಸಿಕೊಂಡಿದ್ದರು. ಅಂದರೆ ಮಾತ್ರೆಯ ಜೊತೆ ಈ ಮನೆಯಲ್ಲಿ ಮಾತ್ರ ಇರುವ ಇನ್ನೊಂದು ಏನೋ ಸೇರಬೇಕು. ನಾನು ತುಂಬಿಸುತ್ತಿದ್ದ ಉದ್ದನೆಯ ಪುಸ್ತಕದಲ್ಲಿ ಅದು ಇರಲಿಲ್ಲ. ಅಲ್ಲಿ ಊಟಕ್ಕೆ ಅಂಕಣವೇ ಇರಲಿಲ್ಲ, ದ್ರಾಕ್ಷಿಯ ಸರಿ ಗುರುತುಗಳು ಮಾತ್ರ ಸಾಲಾಗಿ ನಿಂತಿದ್ದವು.

ಜನವರಿ ಎರಡರಂದು, ಬೇರೇನೂ ತೋಚದೆ, ನನ್ನ ಸ್ವಂತ ದಿನಚರಿಯನ್ನು ಪಕ್ಕಕ್ಕೆ ಇಟ್ಟುಕೊಂಡು ದಿನಾಂಕ ಹೊಂದಿಸತೊಡಗಿದೆ. ಅವರ ಮನೆಯಲ್ಲಿ ನಾನು ತಿಂದದ್ದೆಲ್ಲ ಅದರಲ್ಲಿತ್ತು. ಚಕ್ಕೋತ ಎಂಬ ಪದ ಮೊದಲ ಸಲ ಬಂದದ್ದು ಸೆಪ್ಟೆಂಬರ್ ಹದಿನೈದಕ್ಕೆ. ಅವರ ಅಂಕಿ ಏರಿದ್ದು ಇಪ್ಪತ್ತೊಂದಕ್ಕೆ. ನಾನು ಎಣಿಸುತ್ತ ಹೋದೆ. ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ಚಕ್ಕೋತ ಇತ್ತು, ತೊಂದರೆ ಇರಲಿಲ್ಲ. ಚೌಳಹಿರಿಯೂರಿನಲ್ಲಿ ಮಾತ್ರೆ ಇತ್ತು, ಚಕ್ಕೋತ ಇರಲಿಲ್ಲ. ಎರಡೂ ಸೇರಿದ ದಿನಗಳಲ್ಲಿ ಮಾತ್ರ... ಅರವತ್ತೆಂಟನೆಯ ಚಕ್ಕೋತದವರೆಗೂ ಎಣಿಸಿ ದಿನಚರಿ ಮುಚ್ಚಿದೆ. ಟವೆಲಿನಂಥ ಆ ಇಂಗ್ಲಿಷ್ ಕಾಗದದ ನಕಲು ನನ್ನ ಬಳಿ ಇತ್ತು. ಅದರಲ್ಲಿ ಹಣ್ಣಿನ ಹೆಸರು ಒಂದೇ ಒಂದು. ಆ ಪದವನ್ನು ಮೊದಲ ಬಾರಿಗೆ ಫೋನಿನಲ್ಲಿ ಹಾಕಿ ಹುಡುಕಿದೆ. ಬಂದ ಚಿತ್ರದಲ್ಲಿ ದ್ರಾಕ್ಷಿ ಇರಲಿಲ್ಲ. ಹಳದಿ ಸಿಪ್ಪೆಯ, ಕೆಂಪು ತೊಳೆಯ, ಚಕ್ಕೋತದ ತಮ್ಮನಂಥ ಹಣ್ಣು ಇತ್ತು.

ಮರುದಿನ ಬೆಳಿಗ್ಗೆ ಎರಡೂ ಪುಸ್ತಕ ಹಿಡಿದು ಹೋದೆ. ಅತ್ತೆ ಹಿತ್ತಲ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಸಿಪ್ಪೆಗೆ ಚಾಕು ಹಾಕುತ್ತಿದ್ದರು. ಸುಲಿಯಬೇಡಿ ಎಂದೆ. ಹೇಗೆ ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋದವು. ಫೋನು ತೋರಿಸಿದೆ, ಪುಸ್ತಕ ತೋರಿಸಿದೆ, ಅಳುತ್ತಲೇ ಇದ್ದೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಚಿತ್ರವನ್ನು ನೋಡಿದರು. ಎದ್ದು ಹೋಗಿ ಅಡುಗೆಮನೆಯ ಗೋಡೆಯಿಂದ ಹಾಳೆಯನ್ನು ಮೆಲ್ಲಗೆ ಕಿತ್ತು ತಂದರು. ನಾಲ್ಕನೆಯ ಅಂಶದ ಮೇಲೆ ಬೆರಳಿಟ್ಟರು. ಉಗುರುಸುತ್ತಿಗೆ ಬಟ್ಟೆ ಸುತ್ತಿದ್ದ ಬೆರಳು.

“ಈ ಗ್ರೇಪ್‌ಫ್ರೂಟ್ ಅನ್ನೋ ಪದಾನ ನಾನು ಜೀವಮಾನದಲ್ಲಿ ಸಾವಿರ ಸಲ ಟೈಪ್ ಮಾಡಿರ್ಬೋದು ಕಣಮ್ಮಾ. ಅಭ್ಯಾಸದ ಹಾಳೇಲೇ ಇತ್ತು. ಒಂದ್ ದಿನಾನೂ ಅದೇನು ಅಂತ ಯೋಚ್ನೆ ಮಾಡ್ಲಿಲ್ಲ.”

ಆಸ್ಪತ್ರೆಗೆ ಫೋನ್ ಮಾಡಿದೆವು. ಔಷಧಿ ಕೌಂಟರಿನ ಹೆಣ್ಣುಮಗಳು ಚಕ್ಕೋತ ಎಂದ ಕೂಡಲೇ ಎಷ್ಟು ದಿನದಿಂದ ಎಂದು ಕೇಳಿದಳು. ಕೆಲವು ಮಾತ್ರೆಗಳನ್ನು ದೇಹ ಅರಗಿಸಿ ಹೊರಹಾಕುವುದನ್ನು ಆ ಜಾತಿಯ ಹಣ್ಣುಗಳು ತಡೆಯುತ್ತವೆ, ನುಂಗಿದ್ದು ಒಂದೇ ಆದರೂ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ, ಇವತ್ತೇ ನಿಲ್ಲಿಸಿ, ಎಂಟನೇ ತಾರೀಖು ಆ ಪುಸ್ತಕಗಳನ್ನು ತಪ್ಪದೆ ತನ್ನಿ ಎಂದಳು. ಅಲ್ಲಿಯವರೆಗೆ ಯಾರೂ ನನ್ನನ್ನು ಬಯ್ದಿರಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಮೇಷ್ಟ್ರು ಕೆಂಪು ಪೆನ್ನು ತರಿಸಿದರು. ದ್ರಾಕ್ಷಿ ಎಂಬ ಪದಕ್ಕೆ ಸುತ್ತು ಹಾಕಿದರು. ಕೆಳಗಿನ ದೊಡ್ಡ ಸೊನ್ನೆಯನ್ನು ಹೊಡೆದು, ಪಕ್ಕದಲ್ಲಿ ಒಂದು ಎಂದು ಬರೆದು, ಹೊಸದಾಗಿ ಸಹಿ ಮಾಡಿದರು.

“ಅರ್ಧ ನಿಂದು, ಅರ್ಧ ನಂದು.”

ಅತ್ತೆ ತಟ್ಟೆ ಕೆಳಗಿಟ್ಟರು. “ನಂದೆಷ್ಟು ಹಂಗಾರೆ? ದಿನಾ ಸುಲ್ದು ಬಾಯಿಗಿಟ್ಟೋಳು ನಾನು.”

“ನಿಂದು ಸೊನ್ನೆ ಕಣೇ. ಹಾಳೇಲಿ ಇದ್ದಂಗೇ ಮಾಡಿದ್ದೀಯ.”

ಎಂಟಕ್ಕೆ ನಾನೂ ಅವರ ಜೊತೆ ಹೋದೆ. ಬೆಳಗಿನ ಗಾಡಿಯಲ್ಲಿ ಬೀರೂರಿಗೆ, ಅಲ್ಲಿಂದ ಬೆಂಗಳೂರಿಗೆ. ಹಣ್ಣು ಬಿಟ್ಟು ಐದು ದಿನವಾಗಿತ್ತು, ಭೇದಿ ಎರಡಕ್ಕೆ ಇಳಿದಿತ್ತು. ಡಾಕ್ಟರು ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು, ನನ್ನ ದಿನಚರಿಯಲ್ಲಿ ನಾನು ತಿಂದ ಬೋಂಡಗಳ ಲೆಕ್ಕವನ್ನೂ ಸೇರಿಸಿ. ಮಾತ್ರೆಯ ಪ್ರಮಾಣವನ್ನು ತಗ್ಗಿಸಲಿಲ್ಲ. ಇನ್ನು ಮೂರು ವಾರ ನೋಡೋಣ ಎಂದರು. ಮೂರು ವಾರಕ್ಕೆ ಬೆನ್ನಿನ ಗುಳ್ಳೆ ಬಾಡಿದವು. ಆರನೆಯ ವಾರ, ಫೆಬ್ರವರಿ ಹದಿನಾಲ್ಕಕ್ಕೆ, ಮೇಷ್ಟ್ರು ಮತ್ತೆ ಮಷೀನಿನ ಮುಂದೆ ಕೂತು ಹತ್ತೂ ಬೆರಳಲ್ಲಿ ಒಂದು ಹಾಳೆ ಹೊಡೆದರು. ನಾನು ಕಿಟಕಿಗೆ ಹಿಡಿದು ಪರೀಕ್ಷಿಸಿದೆ. ಮೂರು ತಪ್ಪು ಇದ್ದವು. ಅವರು ನಂಬದೆ ಕಿತ್ತುಕೊಂಡು ತಾವೇ ಎಣಿಸಿದರು.

ಅತ್ತೆ ಮರ ಕಡಿಸಲು ಹೊರಟಿದ್ದರು. ಮೇಷ್ಟ್ರು ಬಿಡಲಿಲ್ಲ. ಹಣ್ಣು ಬೀದಿಯವರಿಗೆಲ್ಲ ಹಂಚಿಹೋಯಿತು. ಆಸ್ಪತ್ರೆಯಿಂದ ಬಂದ ವಾರದ ಸಂತೆಯಲ್ಲಿ ಅತ್ತೆ ಒಂದು ಕಿಲೋ ದ್ರಾಕ್ಷಿ ತಂದು ಮೇಷ್ಟ್ರ ಮುಂದೆ ಸುರಿದರು. ಏಳು ತಿಂಗಳು ಸುಮ್ಮಸುಮ್ಮನೆ ಬಾಯಿ ಕಟ್ಟಿಸಿದೆಯಲ್ಲೇ ಎಂದು ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದರು. ಅದೊಂದೇ ನನಗೆ ಸಿಕ್ಕ ಶಿಕ್ಷೆ.

ಆಮೇಲಿನ ಎರಡು ವರ್ಷಕ್ಕೂ ಹೆಚ್ಚು ಕಾಲದ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದೇ ಅದರ ಸುಖ. ಪುಸ್ತಕದಲ್ಲಿ ಒಂದು, ಒಂದು, ಎರಡು, ಒಂದು ಎಂದು ಪುಟಗಳೇ ತುಂಬಿವೆ. ಆ ಬೇಸಿಗೆಯಲ್ಲಿ ಹನ್ನೊಂದು ಜನರನ್ನು ಕಡೂರಿಗೆ ಕರೆದುಕೊಂಡು ಹೋದರು, ಒಂಬತ್ತು ಜನ ಪಾಸಾದೆವು. ಮುಂದಿನ ವರ್ಷ ಏಳರಲ್ಲಿ ಏಳು. ಕೆಮ್ಮಣ್ಣುಗುಂಡಿಗೆ ಎರಡು ಸಲ ಹೋಗಿಬಂದರು, ಹೆಬ್ಬೆ ಜಲಪಾತದ ದಾರಿಯಲ್ಲಿ ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿದ್ದನ್ನು ವಾರಗಟ್ಟಲೆ ಹೇಳಿದರು. ಪಾಠದಲ್ಲಿ ಒಂದು ಬದಲಾವಣೆ ಮಾತ್ರ ಬಂತು. ಹಾಳೆಗೆ ಸಹಿ ಹಾಕುವ ಮುಂಚೆ ಅದರಿಂದ ಒಂದು ಪದ ಆರಿಸಿ, ಇದಕ್ಕೇನರ್ಥ ಎಂದು ಕೇಳುತ್ತಿದ್ದರು. ಗೊತ್ತಿಲ್ಲದಿದ್ದರೆ ಒಂದು ತಪ್ಪು. ಅವರಿಗೂ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ, ಆಗ ಎಲ್ಲರೂ ಸೇರಿ ಹುಡುಕುತ್ತಿದ್ದೆವು.

ಮಾರ್ಚ್ ಇಪ್ಪತ್ತನಾಲ್ಕರ ಸ್ಕ್ಯಾನಿನಲ್ಲಿ ಗಡ್ಡೆ ಮತ್ತೆ ಬೆಳೆದಿತ್ತು. ಆಗ ನನಗೆ ಕಡೂರಿನಲ್ಲಿ ಕೆಲಸ ಸಿಕ್ಕಿ ಐದು ತಿಂಗಳಾಗಿತ್ತು. ಚಕ್ಕೋತ ಬಿಟ್ಟ ದಿನದಿಂದ ಅಲ್ಲಿಗೆ ಎಂಟುನೂರ ಹನ್ನೊಂದು ದಿನ. ಈ ಮಾತ್ರೆ ಒಂದಲ್ಲ ಒಂದು ದಿನ ಸೋಲುತ್ತದೆ, ಗಡ್ಡೆ ಇನ್ನೊಂದು ಅಕ್ಷರ ಬದಲಾಯಿಸಿಕೊಳ್ಳುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇದು ಹಣ್ಣಿನಿಂದ ಆದದ್ದಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ಆದರೂ ನಾನು ಲೆಕ್ಕ ಹಾಕಲು ಕೂತದ್ದುಂಟು. ನನ್ನ ಹಾಳೆ ಅವರಿಂದ ಎಷ್ಟು ದಿನ ಕಿತ್ತುಕೊಂಡಿತು, ನನ್ನ ಪುಸ್ತಕ ಎಷ್ಟು ದಿನ ಕೊಟ್ಟಿತು... ಎರಡು ಕಡೆಯ ಅಂಕಿಯೂ ಸಿಗಲಿಲ್ಲ. ನನ್ನ ದಿನಚರಿಗಳಲ್ಲಿ ಖಾಲಿ ಬಿಟ್ಟ ಜಾಗ ಅದೊಂದೇ.

ಈ ಸಲ ರಕ್ತದಿಂದಲೇ ಜೀನಿನ ಪರೀಕ್ಷೆ ಮಾಡಿದರು. ಹೊಸ ಬದಲಾವಣೆ ಸಿಕ್ಕಿತು, ಅದಕ್ಕೂ ಒಂದು ಮಾತ್ರೆ ಇತ್ತು. ವರದಿ ನಾಲ್ಕು ಪುಟ. ಮೇಷ್ಟ್ರು ಅದನ್ನು ಬಸ್ಸಿನವರ ಕೈಯಲ್ಲಿ ಕಡೂರಿಗೆ ಕಳಿಸಿ, ಕನ್ನಡ ಮಾಡಿಕೊಡು ಎಂದು ಫೋನ್ ಮಾಡಿದರು. ನಾನು ಬೇಡ ಎಂದೆ. ನೀನೇ ಮಾಡಬೇಕು ಎಂದರು. ಒಂಬತ್ತು ದಿನ ತೆಗೆದುಕೊಂಡೆ. ಗೊತ್ತಿಲ್ಲದ ಪದ ಮೂವತ್ತೇಳು ಇದ್ದವು, ಗೊತ್ತಿದೆ ಎಂದು ಅನ್ನಿಸಿದ ಪದಗಳನ್ನೂ ಬಿಡದೆ ಪಟ್ಟಿ ಮಾಡಿ ಔಷಧಿ ಕೌಂಟರಿನ ಅದೇ ಹೆಣ್ಣುಮಗಳನ್ನು ಮತ್ತೆ ಮತ್ತೆ ಕೇಳಿದೆ. ಭಾನುವಾರ ಅಜ್ಜಂಪುರಕ್ಕೆ ಹೋಗಿ, ಶಾಲೆಯ ಹಳೆಯ ಕನ್ನಡ ಮಷೀನಿನಲ್ಲೇ ಟೈಪ್ ಮಾಡಿದೆ. ಅವರು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು.

ಹಾಳೆಗಳ ಜೊತೆ ಅಭ್ಯಾಸಬಲದಿಂದ ಕೆಂಪು ಪೆನ್ನನ್ನೂ ಕೊಟ್ಟೆ. ಪೆನ್ನನ್ನು ಪಕ್ಕಕ್ಕೆ ಇಟ್ಟರು.

“ತಪ್ಪು ಹುಡುಕಲ್ಲ ಕಣಮ್ಮಾ. ಇದನ್ನ ಓದ್ತೀನಿ.”

ಓದಿದರು. ತುಟಿ ಅಲ್ಲಾಡಿಸಿಕೊಂಡು, ಒಂದೊಂದೇ ಸಾಲು, ಸಣ್ಣ ಮಕ್ಕಳಂತೆ. ನಲವತ್ತು ನಿಮಿಷ ಆಯಿತು. ಹಾಳೆಯನ್ನು ಬೆಳಕಿಗೆ ಹಿಡಿಯಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಡುವೆ ಒಂದು ಕಡೆ ನಿಲ್ಲಿಸಿ, ಹಾಗಾದರೆ ಇನ್ನೂ ಸ್ವಲ್ಪ ದಿನ ಇದೆ ಎಂದರು. ಹೌದು ಎಂದೆ. ಮುಂದಕ್ಕೆ ಓದಿದರು.

ಆ ಸ್ವಲ್ಪ ದಿನ ಏಳು ತಿಂಗಳಾಯಿತು. ಅದರಲ್ಲಿ ಐದು ತಿಂಗಳು ಅವರು ಮಹಡಿ ಹತ್ತಿ ಶಾಲೆಗೆ ಹೋದರು. ಡಿಸೆಂಬರಿನಲ್ಲಿ ತೀರಿಕೊಂಡರು. ಅತ್ತೆ ಈಗ ಚೌಳಹಿರಿಯೂರಿನಲ್ಲಿ ತಂಗಿಯ ಜೊತೆ ಇದ್ದಾರೆ, ತಿಂಗಳಿಗೊಮ್ಮೆ ಫೋನ್ ಮಾಡಿ ನನ್ನನ್ನು ಬಯ್ಯುತ್ತಾರೆ. ಟೈಪ್‌ರೈಟರುಗಳು ಹೋದವು. ಮಹಡಿಯಲ್ಲಿ ಈಗ ಈರುಳ್ಳಿ ಚೀಲ ತುಂಬಿವೆ.

ಚಕ್ಕೋತ ತಿಂದ ಆ ಸಂಜೆ, ಅತ್ತೆ ಊರು ಬಿಡುವಾಗ ನನಗೆ ಕೊಟ್ಟಿದ್ದ ಆ ವರದಿಯ ನಾಲ್ಕು ಕನ್ನಡ ಹಾಳೆಗಳನ್ನು ತೆಗೆದು ನೋಡಿದೆ. ಟೈಪ್ ಮಾಡಿದ ಮೇಲೆ ನಾನೇ ಅವನ್ನು ಮತ್ತೆ ಓದಿರಲಿಲ್ಲ. ಮೂರನೆಯ ಹಾಳೆಯ ನಡುವೆ, ‘ರೋಗಿಯು’ ಎಂಬಲ್ಲಿ ‘ಗಿ’ ಎರಡು ಸಲ ಬಿದ್ದಿದೆ. ದೂರದಿಂದಲೇ ಕಾಣುವಂಥ ತಪ್ಪು. ಮೇಷ್ಟ್ರ ಕಣ್ಣಿಗೆ ಅದು ಬೀಳದೆ ಇರಲು ಸಾಧ್ಯವೇ ಇಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ, ಬಿದ್ದಿರಲಾರದು ಎಂದೂ ಅನ್ನಿಸಿತು, ಅವರು ಓದುತ್ತಿದ್ದರು. ಕೇಳೋಣವೆಂದರೆ ಅವರಿಲ್ಲ. ಹಾಳೆಯ ಕೆಳಗೆ ಅಂಕಿಯೂ ಇಲ್ಲ, ಸಹಿಯೂ ಇಲ್ಲ. ನಾನೂ ತಿದ್ದಲಿಲ್ಲ.